ಚಿತ್ರದ ಎಡಗೈ

ಬಿಸಿನೀರಿನ ಬಾಂಡಲಿಯಲ್ಲಿ ರೇಷ್ಮೆಗೂಡುಗಳ ಎಳೆ ಹುಡುಕುತ್ತಿದ್ದೆ. ಡ್ರಾಯಿಂಗ್ ಮೇಷ್ಟ್ರು ಪುಟ್ಟಸಿದ್ದಯ್ಯ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದರು.

"ಗುರುಬಸಮ್ಮಾರೇ, ಸಂಜೆ ಒಳಗೆ ನೀವು ಏನಾರ ಮಾಡ್ದಿದ್ರೆ ನನ್ ಕೆಲ್ಸ ಓಯ್ತದೆ!"

ಗುರುಬಸಮ್ಮ ನನ್ನ ಗಂಡನ ಅಕ್ಕ. ನಾನೂ ಅಕ್ಕ ಎಂದೇ ಕರೆಯುತ್ತಿದ್ದೆ. ಕೊಳ್ಳೇಗಾಲ ಇನ್ನೂ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕಾಲ. ಪೊಲೀಸರಿಗೆ ಹೇಳಲಾಗದ್ದನ್ನು ಜನ ಅಕ್ಕನಿಗೆ ಹೇಳುತ್ತಿದ್ದರು.

ಶಾಲೆಯ ಕಮಿಟಿಯ ಅಧ್ಯಕ್ಷರಾದ ರೇಷ್ಮೆ ವ್ಯಾಪಾರಿ ಕೆಂಪನಂಜಪ್ಪನವರ ಪಡಸಾಲೆಯಲ್ಲಿ, ಊರು ಬಿಟ್ಟುಹೋದ ಜರ್ಮನ್ ವೈದ್ಯನೊಬ್ಬ ಕೊಟ್ಟ ಎಣ್ಣೆಬಣ್ಣದ ಚಿತ್ರವಿತ್ತು. ಹಸಿರು ಮುಖದ ಹೆಂಗಸು, ಕಿತ್ತಳೆ ಕುತ್ತಿಗೆ, ಇದ್ದಿಲಲ್ಲಿ ಎಳೆದಂಥ ದಪ್ಪ ಗೆರೆ, ಜೋತುಬಿದ್ದ ಕೈಗಳು. ಮೇಷ್ಟ್ರು ಭಾನುವಾರಗಳಲ್ಲಿ ಅದರೆದುರು ಕೂತು, ನಕಲು ಮಾಡುತ್ತಲೇ ಬಣ್ಣದ ಕೆಲಸ ಕಲಿಯುತ್ತಿದ್ದರು. ನಿನ್ನೆ ನೆಂಟರೊಬ್ಬರು ಚಿತ್ರ ಮುಟ್ಟಿದಾಗ ಬೆರಳಿಗೆ ಇನ್ನೂ ಒಣಗದ ಹಸಿರು ಅಂಟಿತು. ಗೋಡೆಯ ಮೇಲಿದ್ದದ್ದು ನಕಲು! ಊರಲ್ಲಿ ಆ ವಿದ್ಯೆ ಬಲ್ಲವರು ಮೇಷ್ಟ್ರೊಬ್ಬರೇ. ಅಸಲನ್ನು ಅವರೇ ಕದ್ದರೆಂದು ಕೆಂಪನಂಜಪ್ಪ ಸಂಜೆಯವರೆಗೆ ಗಡುವು ಕೊಟ್ಟಿದ್ದರು.

"ಹೋದ ತಿಂಗಳು ಚಿತ್ರ ಬರೆಯೋ ಬಟ್ಟೆ ಒಂದು, ನಾಕು ಟ್ಯೂಬು ಬಣ್ಣ ಅವ್ರ ಪಡಸಾಲೇಲೇ ಬಿಟ್ಟಿದ್ದೆ. ಆಮೇಲೆ ಕಾಣ್ಲಿಲ್ಲ," ಎಂದರು ಮೇಷ್ಟ್ರು.

ಅಕ್ಕ ನನ್ನನ್ನೂ ಕರೆದುಕೊಂಡು ಮೊದಲು ಮೇಷ್ಟ್ರ ಮನೆಗೆ ಹೋಗಿ, ಅವರು ಬರೆದಿದ್ದ ಒಂಬತ್ತು ನಕಲುಗಳನ್ನೂ ನೋಡಿದರು. ಆಮೇಲೆ ಸಾಹುಕಾರ ಕೆಂಪನಂಜಪ್ಪನವರ ಪಡಸಾಲೆಯಲ್ಲಿ ಚಿತ್ರ ಇಳಿಸಿದರು. "ಭಾರ ಅದೆ ಕಣೇ ವೀರೀ," ಎಂದರು ನನಗೆ. ಹಿಂದಿನ ಹಲಗೆಯ ಮೊಳೆಯೊಂದನ್ನು ಉಗುರಿಂದ ಕೆರೆದು ಮೂಸಿದರು. ಚಿತ್ರವನ್ನು ಮುಂಭಾಗಕ್ಕೆ ತಿರುಗಿಸಿ ಹೆಂಗಸಿನ ಎಡಗೈಯನ್ನು ಬಹಳ ಹೊತ್ತು ನೋಡಿದರು. ಅಂಗೈ ಮೇಲಾಗಿತ್ತು, ಬೆರಳು ಚೂರು ಬಾಗಿದ್ದವು.

ಹಿತ್ತಲ ಜಗುಲಿಗೆ ಕರೆದೊಯ್ದು ನನ್ನ ಕೈಗೆ ಇದ್ದಿಲು ಕೊಟ್ಟರು. "ಒಂದು ಎಡಗೈ ಬರಿ."

"ನಂಗೆಲ್ಲಿ ಬಂದದು ಅಕ್ಕ?"

"ಬಂದಷ್ಟು ಬರಿ."

ಬರೆದೆ. ಅದು ಕೈಯಂತೆಯೇ ಇತ್ತು. ನನಗೇ ಆಶ್ಚರ್ಯ.

ಸಂಜೆ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಸಾಹುಕಾರರ ಹೆಂಡತಿ ಶಿವರತ್ನಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು.

"ಮೇಷ್ಟ್ರ ಒಂಬತ್ತು ನಕಲಲ್ಲೂ ಕೈ ಜೋತುಬಿದ್ದದೆ, ಅಸಲಿನಂಗೆ," ಎಂದರು ಅಕ್ಕ. "ಇದ್ರಲ್ಲಿ ಇಲ್ಲ. ವೀರಿಗೆ ಎಡಗೈ ಬರಿ ಅಂದ್ರೆ ಅವ್ಳೂ ಇದೇ ಕೈ ಬರೆದ್ಲು. ಪೂಜೇಲಿ ಲಿಂಗ ಇಟ್ಕಳ್ಳೋ ಕೈ. ದಿನಾ ಬೆಳಿಗ್ಗೆ ಕಣ್ಣು ನೆಟ್ಟು ನೋಡೋ ಕೈ ತಾನೇ ಬತ್ತದೆ. ಮೇಷ್ಟ್ರ ಮನೇಲಿ ಲಿಂಗಪೂಜೆ ಇಲ್ಲ."

"ನಾನೂ ಪೂಜೆ ಮಾಡೋನೇ. ಅಂಗಾದ್ರೆ ನಾನೇ ಬರೆದ್ನಾ?" ಕೆಂಪನಂಜಪ್ಪ ಕೆಣಕಿದರು.

"ಮೊಳೆ ತಲೆ ಮೇಲೆ ಅರಿಶಿನ ಅದೆ. ಅಡಿಗೆಮನೆ ಗುಂಡುಕಲ್ಲಲ್ಲಿ ಹೊಡ್ದವ್ರೆ. ನೀವು ಆ ಕಲ್ಲು ಮುಟ್ಟಿದ್ದು ಯಾವ ಕಾಲದಲ್ಲಿ ಸಾಹುಕಾರ್ರೇ?"

ನಗೆಯೆದ್ದಿತು. ಅಕ್ಕ ಮೊಳೆ ಕಿತ್ತರು. "ಕದಿಯೋರು ಅಸಲು ಹೊತ್ಕಂಡು ಓಯ್ತಾರೆ. ಇದ್ರ ಭಾರ ನೋಡಿದ್ರೆ ಒಳಗೆ ಎರಡು ಚಿತ್ರ ಅದೆ, ಅಸಲು ಎಲ್ಲೂ ಓಗಿಲ್ಲ." ಹಲಗೆ ತೆಗೆದಾಗ ನಕಲಿನ ಹಿಂದೆ ಮೆತ್ತನೆಯ ರೇಷ್ಮೆ ಸೀರೆಯ ತುಂಡು, ಅದರ ಮರೆಯಲ್ಲಿ ಅಸಲು ಚಿತ್ರ.

ಶಿವರತ್ನಮ್ಮ ಮುಂದೆ ಬಂದರು. "ನಾನೇ ಬರ್ದೆ. ಮೇಷ್ಟ್ರು ಬರೆಯೋದ್ನ ಬಾಗ್ಲ ಸಂದೀಲಿ ನೋಡಿ ಕಲ್ತೆ. ಗೋಡೆ ಮೇಲೆ ನಂದೂ ನಿಂತದಾ ಅಂತ ನೋಡ್ಬೇಕಿತ್ತು. ನಿನ್ನೆಯಿಂದ ಹೇಳಾನ ಅಂದ್ರೆ ಬಾಯಿ ಬರ್ಲಿಲ್ಲ. ಮೇಷ್ಟ್ರೇ, ತಪ್ಪಾಯ್ತು."

ಮೇಷ್ಟ್ರಿಗೆ ಅದು ಕೇಳಿಸಿದಂತಿರಲಿಲ್ಲ. ಮೂಗು ಬಣ್ಣಕ್ಕೆ ತಾಗುವಷ್ಟು ಬಾಗಿದ್ದರು. "ನನ್ ಒಂಬತ್ತರಲ್ಲಿ ಒಂದಕ್ಕೂ ಈ ಜೀವ ಬಂದಿಲ್ಲ ಕಣ್ರವ್ವಾ!"

ಕೆಂಪನಂಜಪ್ಪ ಹೆಂಡತಿಯ ಮುಖವನ್ನೇ ನೋಡಿದರು. "ಹದಿನೈದು ದಿನ ಬಂದೋರಿಗೆಲ್ಲ ನಾನು ತೋರ್ಸಿದ್ದು ನಿನ್ ಚಿತ್ರನಾ?" ಎಂದವರು ಮೇಷ್ಟ್ರಿಗೆ ಕೈಮುಗಿದರು. "ಎರಡ್ನೂ ನೇತಾಕಿ. ಸೋಮವಾರ ಸ್ಕೂಲಿಗೆ ಬನ್ನಿ."

ಮನೆಗೆ ಬಂದು ಬೂದಿ ಕೆದಕುತ್ತಾ ಕೂತೆ. "ಒಲೆ ಆರ್ಸಕ್ಕೆ ಇಷ್ಟೊತ್ತಾ?" ಎಂದರು ಅಕ್ಕ.

"ಆಯ್ತು ಅಕ್ಕ," ಎಂದು, ತೆಳ್ಳನೆಯ ಇದ್ದಿಲ ತುಂಡೊಂದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ನಾಳೆ ಬಲಗೈ ಬರೆಯಬೇಕು.