ಕಿವಿಗುರುತಿನ ಉಲ್ಲನ್ ಕುರಿ

ಈ ಕತೆಯನ್ನು ಮೊದಲು ಹೇಳಿದವರು ಟಿಕೋಟಾದ ಸಾವಂತ್ರವ್ವ. ಹೋದ ಚಳಿಗಾಲದ ಒಂದು ಸಂಜೆ, ತಾವು ಅಡುಗೆ ಮಾಡುವ ಮಕ್ಕಳ ಹಾಸ್ಟೆಲಿನ ಕಟ್ಟೆಯ ಮೇಲೆ ಕುಳಿತು, ಓಣಿಯವರೆಲ್ಲ ಸುತ್ತ ಸೇರಿದ್ದಾಗ ಹೇಳಿದರು.

“ಇದಕ್ಕ ಹಲ್ಲ ಇಲ್ಲಲ್ಲ?” ಎಂದನಂತೆ ಆ ದಿನ ಹಾಸ್ಟೆಲಿನ ಹುಡುಗ ಅಮೋಘಸಿದ್ದ. ಆಗಷ್ಟೇ ಸಿಕ್ಕ ಬಿಳಿ ಉಲ್ಲನ್ ಕುರಿಯ ಬಾಯನ್ನು ಅವನು ಬೆರಳಿನಿಂದ ಬಿಡಿಸಲು ನೋಡುತ್ತಿದ್ದ.

“ಹಲ್ಲ ನೋಡಿ ವಯಸ್ಸು ಹೇಳ್ತಾನಂತ,” ಎಂದು ಸಾವಂತ್ರವ್ವ ನಕ್ಕರು. “ಸಂತ್ಯಾಗ ಕುರಿ ಕೊಳ್ಳಾಕ ಬಂದಾನ ಸಾಹುಕಾರ.”

“ಇನ್ನೂ ಮರಿ ಐತಿ, ಯಪ್ಪಾ. ನೀ ಚಂದಂಗ ಮೇಸು, ಬರ್ತಾವ,” ಎಂದರು ಬಾನುಬಿ.

ಬಾನುಬಿ ವಿಜಯಪುರದ ಜೋರಾಪುರ ಪೇಟೆಯವರು, ಸಾವಂತ್ರವ್ವನ ಹಳೆಯ ಗೆಳತಿ. ಈ ಹಾಸ್ಟೆಲಿನ ಮಕ್ಕಳ ಅಪ್ಪ ಅವ್ವಂದಿರು ಕುರಿ ಹಿಂಡಿನೊಂದಿಗೆ ಊರೂರು ತಿರುಗುತ್ತಾರೆ. ಸಣ್ಣ ಮಕ್ಕಳು ಮಲಗುವಾಗ ಮನೆಯ ಮರಿಗಳನ್ನು ನೆನೆದು ಅಳುತ್ತಾರೆಂದು ಕೇಳಿ, ಬಾನುಬಿ ಮಳೆಗಾಲದುದ್ದಕ್ಕೂ ಕುರಿ ಹೆಣೆದಿದ್ದರು, ಮಗುವಿಗೊಂದರಂತೆ. ಅವನ್ನು ಹಂಚಲು ಆ ದಿನ ಮೊಮ್ಮಗಳನ್ನು ಕರೆದುಕೊಂಡು ಬಸ್ಸಿನಲ್ಲಿ ಬಂದಿದ್ದರು.

ಅವುಗಳಲ್ಲಿ ಒಂದನ್ನು ಮಾತ್ರ ಹೆಣೆದವಳು ಐದನೇ ಕ್ಲಾಸಿನ ಆ ಮೊಮ್ಮಗಳು, ನಿಖತ. ಎಷ್ಟೋ ಸಲ ಬಿಚ್ಚಿ ಹೆಣೆದ ಕುರಿ ಅದು. ನಾನಿಯ ಕುರಿಗಳ ನಡುವೆ ಅದು ಬೆರೆತುಹೋದರೆ? ಎಲ್ಲವನ್ನೂ ನಾನಿಯೇ ಹೆಣೆದರೆಂದು ಜನ ತಿಳಿದರೆ? ಹಿಂದಿನ ದಿನ ಅವಳು ಯಾರಿಗೂ ಹೇಳದೆ ಅದರ ಬಲಗಿವಿಯ ಅಂಚನ್ನು ಮಡಚಿ ನೀಲಿ ದಾರದಿಂದ ಬಿಗಿದಿದ್ದಳು. ಕಿವಿಗೆ ಕಚ್ಚು ಬಿದ್ದಂತೆ ಕಾಣುತ್ತಿತ್ತು. ಅದು ಯಾರಿಗೆ ಸಿಗುವುದೋ ಅವರ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಕ್ಲಾಸಿನಲ್ಲಿ ತೋರಿಸುವುದೆಂದು ಪ್ಲಾನ್ ಮಾಡಿದ್ದಳು.

ಮಕ್ಕಳು ಸಾಲಾಗಿ ಬಂದರು. ಒಬ್ಬ ಹುಡುಗ ಅವಳ ಕುರಿಯನ್ನೇ ಎತ್ತಿದ. ನಿಖತ ಫೋನು ಸರಿಮಾಡಿಕೊಂಡಳು. ಅವನು ಕಿವಿ ನೋಡಿ, ಕುರಿಯನ್ನು ಕೆಳಗಿಟ್ಟು ಬೇರೆಯದನ್ನು ಆರಿಸಿಕೊಂಡ. ಇನ್ನೊಬ್ಬಳೂ ಕಿವಿ ನೋಡಿ ಕೆಳಗಿಟ್ಟಳು. ಕೊನೆಗೆ ಆ ಕುರಿ ಒಂದೇ ಉಳಿಯಿತು. ಎಲ್ಲರಿಗಿಂತ ಸಣ್ಣವಳಾದ ಮಾಳವ್ವ ಒಬ್ಬಳೇ ಉಳಿದಳು. ಅವಳೂ ಕಿವಿ ನೋಡಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

“ಯಾಕ, ಚಂದ ಇಲ್ಲೇನ?” ನಿಖತ ಕುರಿಯನ್ನು ಅವಳ ಮುಂದೆ ಹಿಡಿದಳು.

“ಚಂದ ಐತಿ. ಆದ್ರ ಯಾರ್ದೋ ಐತಿ.”

“ಯಾರ್ದೂ ಅಲ್ಲ. ನಿಂದ, ತಗೋ.”

ಮಾಳವ್ವ ತಲೆ ಅಲ್ಲಾಡಿಸಿದಳು. ಅಮೋಘಸಿದ್ದ ಹಿರಿಯನಂತೆ ಮುಂದೆ ಬಂದ. “ಅಕ್ಕಾ, ಕಿವಿ ಕಚ್ಚು ನೋಡ್ರಿ. ಒಬ್ಬೊಬ್ಬರ ಹಿಂಡಿಗೆ ಒಂದೊಂದು ಗುರುತು. ಬ್ಯಾರೇದವರ ಕುರಿ ನಮ್ಮ ಹಿಂಡಿನಾಗ ಬಂದ್ರ ಹೊಳ್ಳಿ ಕೊಡಬೇಕು. ಇಟ್ಕೊಂಡ್ರ ಕಳವು ಮಾಡಿದಂಗ.”

ಬಾನುಬಿ ಮೊಮ್ಮಗಳತ್ತ ತಿರುಗಿದರು. “ಯಾರ ಗುರುತು ಇದು, ಬೇಟಾ?”

ನಿಖತ ನೆಲ ನೋಡಿದಳು. “ನಂದು.”

“ಮತ್ತ ನಿಮ್ಮ ಕುರಿ ನೀವ ಇಟ್ಕೋರಿ,” ಎಂದು ಮಾಳವ್ವ ನ್ಯಾಯ ತೀರಿಸಿದಳು. ಅವಳ ಕಣ್ಣು ಮಾತ್ರ ಕುರಿಯ ಮೇಲೆಯೇ ಇತ್ತು.

ನಿಖತ ಫೋನನ್ನು ಕಟ್ಟೆಯ ಮೇಲಿಟ್ಟು, ನಾನಿಯ ಚೀಲದಿಂದ ಸೂಜಿ ಕತ್ತರಿ ತೆಗೆದಳು. ನೀಲಿ ದಾರ ಕತ್ತರಿಸಿದೊಡನೆ ಕಿವಿ ಬಿಚ್ಚಿಕೊಂಡಿತು.

“ನಿಮ್ಮ ಹಿಂಡಿನ ಗುರುತು ಹೆಂಗ ಇರ್ತೈತಿ?”

“ಎಡಗಿವಿಗೆ ಎರಡು ಕಚ್ಚು. ಇಲ್ಲೊಂದು, ಇಲ್ಲೊಂದು.” ಮಾಳವ್ವ ನಿಖತಳ ಕಿವಿಯನ್ನೇ ಹಿಡಿದು ಚಿವುಟಿ ತೋರಿಸಿದಳು.

“ಅಕ್ಕಾರೂ ನಿಮ್ಮ ಹಿಂಡಿಗೇ ಸೇರಿದ್ರಲೇ,” ಎಂದ ಅಮೋಘಸಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

“ಸರಿ ಹಾಕ್ರಿ, ಅಕ್ಕಾ,” ಎಂದಳು ಮಾಳವ್ವ ನಗದೆ. “ಅಪ್ಪ ಬಬಲೇಶ್ವರದ ಕಡೆ ಹಿಂಡು ಹೊಡಕೊಂಡು ಹೋಗ್ಯಾನ. ಬಂದಾಗ ನಮ್ಮದ ಅಂತ ಅವಗ ಗೊತ್ತಾಗಬೇಕು.”

ನಿಖತ ನಿಧಾನವಾಗಿ ಎರಡು ಕಚ್ಚು ಹೊಲಿದಳು. ಮಾಳವ್ವ ಬೆರಳಿಂದ ಮುಟ್ಟಿ ಪರೀಕ್ಷಿಸಿ, ಕುರಿಯನ್ನು ಕಂಕುಳಲ್ಲಿ ಅವುಚಿಕೊಂಡು ಓಡಿದಳು. ಹಿಂದೆ ತಿರುಗಿಯೂ ನೋಡಲಿಲ್ಲ.

ಉಳಿದವರು ಸುಮ್ಮನಿರುತ್ತಾರೆಯೇ? “ನಮ್ಮದಕ್ಕೂ ಹಾಕ್ರಿ, ಅಕ್ಕಾ” ಎಂದು ಮತ್ತೆ ಸಾಲು ನಿಂತಿತು. ಬಸ್ಸಿನ ಹೊತ್ತಿಗೆ ಹಾಸ್ಟೆಲಿನ ಕುರಿಗಳೆಲ್ಲ ಅವರವರ ಹಿಂಡು ಸೇರಿದ್ದವು.

ಗೇಟಿನವರೆಗೆ ಬಿಡಲು ಬಂದ ಸಾವಂತ್ರವ್ವ ಕೇಳಿದರು, “ನಿನ್ನ ಕುರೀದು ಫೋಟೊ ತಗದಿ ಏನವಾ?”

ನಿಖತ ಬೆರಳಿಗಂಟಿದ್ದ ನೀಲಿ ಎಳೆಯನ್ನು ಊದಿ ಹಾರಿಸಿದಳು.

“ಎಲ್ಲಿ ತಗೀಲಿ, ಅಮ್ಮಾ? ಅಲ್ಲಿ ನಂದು ಒಂದೂ ಇದ್ದಿಲ್ಲಲ್ಲ,” ಎಂದು ನಕ್ಕು ಬಸ್ಸು ಹತ್ತಿದಳು.

ಸಾವಂತ್ರವ್ವ ಅಲ್ಲಿಗೇ ನಿಲ್ಲಿಸಿದರು. ಕೇಳುತ್ತಿದ್ದ ಹೆಂಗಸರು ಸೀರೆ ಕೊಡವಿಕೊಂಡು ಎದ್ದರು. ತೂಕಡಿಸುತ್ತಿದ್ದ ಕೂಸುಗಳನ್ನು ಹೆಗಲಿಗೆ ಹಾಕಿಕೊಂಡು, ಮಾತಾಡುತ್ತ ಮನೆ ಕಡೆ ನಡೆದರು.