ಕಪನೂರಿನ ತುಂಡು, ಕಮಲಾಪುರದ ಕೌದಿ

"ನಿಲ್ರಿ...! ಕಡ್ಡಿ ಗೀರಬ್ಯಾಡ್ರಿ!"

ಸ್ಕೂಟಿಗೆ ಸ್ಟ್ಯಾಂಡ್ ಹಾಕುವಷ್ಟೂ ತಾಳ್ಮೆ ಇರಲಿಲ್ಲ ಕೌಸರಳಿಗೆ. ಕಲಬುರಗಿ ಹೊರವಲಯದ ಕಪನೂರಿನ ಆ ಸಣ್ಣ ಹೊಲಿಗೆ ಕಾರ್ಖಾನೆಯ ಗೋಡೆಗೆ ಗಾಡಿ ಒರಗಿಸಿ ಓಡಿಬಂದವಳೇ, ಬಟ್ಟೆಯ ರಾಶಿಗೂ ಬೆಂಕಿಕಡ್ಡಿ ಹಿಡಿದವನಿಗೂ ನಡುವೆ ನಿಂತುಬಿಟ್ಟಳು.

ರಾಶಿ ಅವಳ ಸೊಂಟದೆತ್ತರಕ್ಕಿತ್ತು. ಶಾಲೆಯ ಸಮವಸ್ತ್ರ ಕತ್ತರಿಸಿ ಉಳಿದ ತುಂಡುಗಳು. ನೀಲಿ, ಬಿಳಿ, ಮೆರೂನ್, ಚೌಕಳಿ... ಅಯ್ಯೋ, ಇಷ್ಟು ಚೆಂದದ ಹತ್ತಿ ಬಟ್ಟೆ! ಸೀಮೆಎಣ್ಣೆಯ ವಾಸನೆ ಆಗಲೇ ಮೂಗಿಗೆ ಬಡಿಯುತ್ತಿತ್ತು.

ಕಡ್ಡಿ ಹಿಡಿದವನು ತಾರಿಖ್. ಕಾರ್ಖಾನೆ ಅವನದೇ. ಎತ್ತರದ ಆಳು, ಮಡಚಿದ ತೋಳು, ಕುತ್ತಿಗೆಯಲ್ಲಿ ಜೋತುಬಿದ್ದ ಅಳತೆ ಟೇಪು.

"ಯಾರ್ರಿ ನೀವು? ಗೇಟಿನ ಒಳಗ ಹಿಂಗ ನುಗ್ಗೋದೇನು?"

"ಇದನ್ನ ಯಾಕ ಸುಡಾಕತ್ತೀರಿ?"

"ಕಸ ಅದ, ಸುಡ್ತೀನಿ! ಇನ್ನೇನು ಪೂಜಿ ಮಾಡ್ಲಿ?" ಎಂದವನ ಕಣ್ಣು ಅವಳ ಹೆಗಲ ಮೇಲಿದ್ದ ಖಾಲಿ ಚೀಲಗಳ ಮೇಲೆ ಬಿತ್ತು. ದನಿ ಸ್ವಲ್ಪ ಮೆತ್ತಗಾಯಿತು. "ಓ... ಚಿಂದಿ ಆರಿಸಾಕ ಬಂದೀರೇನು? ಮೊದಲೇ ಹೇಳ್ಬಾರದೇನ್ರಿ. ತಗೊಂಡು ಹೋಗ್ರಿ, ಹೋಗ್ರಿ."

ಅವನ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ಕರುಣೆ ಇತ್ತು. ಅದೇ ಕೌಸರಳ ಎದೆಗೆ ಚುಚ್ಚಿತು.

"ನಾನು ಚಿಂದಿ ಆರಿಸೋಳಲ್ಲ, ಕೌದಿ ಮಾಡೋಳು," ಎಂದಳು, ಗಲ್ಲ ಮೇಲೆತ್ತಿ. "ನನ್ನ ಹೆಸರು ಕೌಸರ್. ಗಾಜಿಪುರದಾಗ ಯಾರನ್ನ ಕೇಳಿದ್ರೂ ನಮ್ಮ ಮನಿ ತೋರಸ್ತಾರ. ಕಸ ಅಂದ್ರೇನು, ಬಟ್ಟಿ ಅಂದ್ರೇನು ಅಂತ ನೋಡಬೇಕಾದ್ರ ಬರ್ರಿ!"

ತಾರಿಖನ ಬೆರಳ ನಡುವೆ ಕಡ್ಡಿ ಹಾಗೇ ಉಳಿಯಿತು. ಅವಳು ಎಣ್ಣೆ ತಾಗದ ತುಂಡುಗಳನ್ನು ಆರಿಸಿ, ಚೀಲ ತುಂಬಿ, ತಿರುಗಿಯೂ ನೋಡದೆ ಹೊರಟುಹೋದಳು.

ಗಾಡಿ ಮುಖ್ಯರಸ್ತೆಗೆ ಬಂದ ಮೇಲೂ ಅವಳ ಸಿಟ್ಟು ಇಳಿದಿರಲಿಲ್ಲ. 'ಏನು ಧಿಮಾಕು ಅವಂದು...! ಆದ್ರ ಆ ಕಣ್ಣು...' ಛೆ! ಕಣ್ಣಿನ ಮಾತು ಈಗ ಯಾಕೆ?

* * *

ಕೆಲವು ವಾರಗಳ ಮೇಲೆ ತಾರಿಖ್ ನಿಜವಾಗಿಯೂ ಬಂದ.

ಗಾಜಿಪುರದ ಇಕ್ಕಟ್ಟಾದ ಓಣಿಯಲ್ಲಿ ಬೈಕ್ ನಿಲ್ಲಿಸಿ, ಆಟೋ ಓಡಿಸುವ ಚಾಂದಪಾಶಾನನ್ನು ಮನೆ ಕೇಳಿದ. ಕಪನೂರಿನಲ್ಲಿ ಬಟ್ಟೆ ಸುಡುತ್ತಾರೆಂದು ಕೌಸರಳಿಗೆ ಸುದ್ದಿ ಕೊಟ್ಟವನೂ ಈ ಚಾಂದಪಾಶಾನೇ. ಅವನು ನಗುತ್ತಾ ಬಾಗಿಲವರೆಗೂ ಬಿಟ್ಟುಹೋದ.

ಕೌಸರಳ ಅಮ್ಮಿ ಮೆಹಬೂಬಿ ಚಹಾ ಇಟ್ಟಳು. ಗಂಡ ತೀರಿಹೋದ ಮೇಲೆ ಸೂಜಿ ಹಿಡಿದೇ ಮಗಳನ್ನು ಓದಿಸಿದ ಹೆಣ್ಣುಮಗಳು ಅವಳು. ಈಗ ಕಣ್ಣು ಮಂಜು. ಆದರೂ ಬೆರಳಿಂದ ಮುಟ್ಟಿ, ಹೊಲಿಗೆ ಸಡಿಲಾಗಿದ್ದರೆ ಹೇಳಿಬಿಡುತ್ತಿದ್ದಳು.

ನಡುಮನೆಯ ನೆಲದ ಮೇಲೆ ಕೌದಿ ಹಾಸಿತ್ತು. ನಡುವೆ ಒಂದು ಮೆರೂನ್ ಚೌಕ. ಅದರ ಸುತ್ತ ನೀಲಿ, ಅದರ ಸುತ್ತ ಬಿಳಿ, ಮತ್ತೆ ಚೌಕಳಿ... ಹೀಗೇ ಸುತ್ತುತ್ತಾ ಸುತ್ತುತ್ತಾ ಅಂಚಿನವರೆಗೆ. ಅಡಿಯಲ್ಲಿ ಅಮ್ಮಿಯ ಹಳೇ ಸೀರೆಯ ಪದರ. ಎಲ್ಲವನ್ನೂ ಹಿಡಿದಿಟ್ಟಿದ್ದ ಬಿಳಿ ನೂಲಿನ ಹೊಲಿಗೆ, ಇರುವೆಗಳು ಸಾಲು ಹಿಡಿದು ಹೊರಟಂತೆ.

ತಾರಿಖ್ ಮಂಡಿಯೂರಿ ಕೂತು ಒಂದು ನೀಲಿ ತುಂಡನ್ನು ಮುಟ್ಟಿದ.

"ಇದು... ನಮ್ಮ ಬಟ್ಟೀನಾ?"

"ನಿಮ್ಮ ಹಂತೇಲಿ ಇದ್ದಾಗ ಕಸ ಇತ್ತಲ್ಲ?" ಕೌಸರ್ ಬಿಡಲಿಲ್ಲ.

ಅವನು ತಲೆ ಎತ್ತಿ ನೋಡಿದ. ಹುಡುಗಿ ನಗುತ್ತಿರಲಿಲ್ಲ. ಆದರೆ ಕಣ್ಣಿನ ತುದಿಯಲ್ಲಿ ಹೆಮ್ಮೆ ಮಿನುಗುತ್ತಿತ್ತು! ಆ ಹೆಮ್ಮೆಗೇ ಅವನು ಸೋತುಹೋದ ಎಂದರೆ ತಪ್ಪಾಗಲಾರದು.

"ಇನ್ಮ್ಯಾಲೆ ಒಂದು ತುಂಡೂ ಸುಡಂಗಿಲ್ಲ," ಎಂದ, ಮೆಲ್ಲಗೆ.

ಅಂದಿನಿಂದ ಶುಕ್ರವಾರ ಬಂತೆಂದರೆ ಅವನ ಬೈಕ್ ಸದ್ದು ಓಣಿಗೆ ಕೇಳುತ್ತಿತ್ತು. ಮೊದಮೊದಲು ಎಲ್ಲವನ್ನೂ ಕಲಸಿ ಚೀಲಕ್ಕೆ ತುರುಕಿ ತರುತ್ತಿದ್ದ. ಕೌಸರ್ ಬೈದಳು: "ಹತ್ತಿ ಬ್ಯಾರೆ, ಟೆರಿಕಾಟ್ ಬ್ಯಾರೆ ಮಾಡ್ರಿ. ಒಗದ ಮ್ಯಾಲ ಒಂದು ಕುಗ್ಗತದ, ಒಂದು ಕುಗ್ಗಂಗಿಲ್ಲ. ಕೌದಿ ಮುದುಡಿ ಹೋಗ್ತದ." ಮುಂದಿನ ವಾರ ತುಂಡುಗಳು ಬೇರೆ ಬೇರೆ ಗಂಟಾಗಿ ಬಂದವು. ಅದರ ಮುಂದಿನ ವಾರ ಬಣ್ಣಬಣ್ಣಕ್ಕೆ ಒಂದೊಂದು ಗಂಟು!

"ಯಾರು ಮಾಡಿದ್ರು ಇದನ್ನ?"

"ನಾನೇ. ಸಂಜಿ ಮುಂದ ಕಾರ್ಖಾನಿ ಬಂದ್ ಮಾಡಿ ಕೂತಿದ್ದೆ." ಕಿವಿ ಕೆಂಪಾಗಿತ್ತು ಅವನದು.

ಆ ದಿನ ಅವನು ಹೋದ ಮೇಲೆ ಅಮ್ಮಿ ಕೌದಿಯ ಮೇಲೆ ಬೆರಳಾಡಿಸಿ, "ಇಲ್ಲಿ ಹೊಲಿಗಿ ಸೊಟ್ಟ ಹೋಗ್ಯಾದ ನೋಡು ಬೇಟಿ. ಮನಸ್ಸು ಎಲ್ಲಿತ್ತು?" ಎಂದು ಕೇಳಿದಾಗ ಕೌಸರ್ ಒಳಗೆ ಓಡಿಹೋದಳು.

* * *

ಸಂಬಂಧದ ಮಾತಾಡಲು ತಾರಿಖನ ಅಕ್ಕ ಅಫ್ಶೀನ್ ಬಂದಳು. ತಾಯಿಯಿಲ್ಲದ ಮನೆಗೆ ಅವಳೇ ಹಿರಿಯಳು. ರೇಷ್ಮೆಯ ದುಪಟ್ಟಾ, ಮಿಠಾಯಿಯ ಡಬ್ಬಿ, ಬಾಯಿತುಂಬ ಮಾತು.

ಎಲ್ಲವೂ ಸರಿಯಾಗಿಯೇ ಇತ್ತು... ಅಂಗಳದ ಹಗ್ಗಕ್ಕೆ ಒಣಹಾಕಿದ್ದ ಕೌದಿಗಳನ್ನು ಅಫ್ಶೀನ್ ನೋಡುವವರೆಗೆ.

"ಹುಡುಗಿ ನಮಗ ಭಾಳ ಪಸಂದ್ ಬಂದಾಳ," ಎಂದಳು ಅವಳು, ದನಿ ತಗ್ಗಿಸಿ. "ಒಂದೇ ಮಾತು. ನಿಕಾಹ್ ಆದ ಮ್ಯಾಲ ಈ ಚಿಂದಿ ಕೆಲಸ ಬಿಡಬೇಕಾಗ್ತದ. ಮಂದಿ ಏನಂತಾರ್ರಿ? ತಾರಿಖಗೂ ಇದರದೇ ನಾಚಿಕಿ ಅದ. 'ಆಪಾ, ನನಗ ನಾಚಿಕಿ ಆಗ್ತದ' ಅಂತ ಅಂವಾ ಬಾಯಿ ಬಿಟ್ಟು ಅಂದಾನ."

ಕೌಸರ್ ಹಿಡಿದಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟಳು.

'ನಾಚಿಕಿ...? ಬಣ್ಣಬಣ್ಣ ಆರಿಸಿ ಗಂಟು ಕಟ್ಟಿದವಗ ನಾಚಿಕಿ? ಅಂದ್ರ ಆ ಮೊದಲ ದಿನದ ಮಾತೇ ಅಂವನ ಮನಸಿನ್ಯಾಗ ಉಳದದ. ಇಷ್ಟು ದಿನ ಮಾಡಿದ್ದು ಬರೀ ಕರುಣಾ!'

ಕಣ್ಣು ತುಂಬಿ ಬಂತು. ಆದರೆ ಒಂದು ಹನಿಯನ್ನೂ ಕೆಳಗೆ ಬೀಳಗೊಡಲಿಲ್ಲ ಅವಳು. ಎದ್ದು ಹೋಗಿ ಹಗ್ಗದ ಮೇಲಿನ ಕೌದಿಯ ಮೇಲೆ ಕೈಯಿಟ್ಟು ನಿಂತಳು.

"ಆಪಾ, ಈ ಸೂಜಿ ನಮ್ಮ ಅಮ್ಮೀದು. ಇದರ ಮ್ಯಾಲೇ ನಾನು ದೊಡ್ಡಾಕಿ ಆಗೀನಿ. ಇದಕ್ಕ ನಾಚೋರ ಮನಿಗಿ ನಾನು ಬರಂಗಿಲ್ಲ. ನಿಮ್ಮ ತಮ್ಮಗ ಹೇಳ್ರಿ, ನನಗ ಈ ಸಂಬಂಧ ಬ್ಯಾಡ."

ಅಫ್ಶೀನ್ ಮುಖ ಬಿಗಿದುಕೊಂಡು ಹೊರಟಳು. ಮೆಹಬೂಬಿ ಮಗಳನ್ನು ಒಂದು ಮಾತೂ ಬೈಯಲಿಲ್ಲ. ಎದೆಗವಚಿಕೊಂಡಳು, ಅಷ್ಟೇ. ಆಗ ಅತ್ತಳು ನೋಡಿ ಕೌಸರ್... ಅಮ್ಮಿಯ ಭುಜ ನೆನೆಯುವವರೆಗೂ ಅತ್ತಳು!

ಆಮೇಲೂ ಕಪನೂರಿನಿಂದ ಗಂಟುಗಳು ಬಂದವು, ಚಾಂದಪಾಶಾನ ಆಟೋದಲ್ಲಿ. ಬಿಚ್ಚದೆಯೇ ತಿರುಗಿ ಕಳಿಸಿದಳು.

"ಅವರು ಕೇಳಾಕತ್ತಾರ ಕೌಸರ್, ಒಂದು ಮಾತು ಮಾತಾಡ್ತಾರಂತ..." ಎಂದ ಚಾಂದಪಾಶಾ.

"ಮಾತು ಮುಗದದ, ಚಾಚಾ."

* * *

ಗಾಜಿಪುರದಲ್ಲಿ ಇದ್ದರೆ ಬೈಕ್ ಸದ್ದಿಗೆಲ್ಲಾ ಕಿವಿ ನಿಮಿರುತ್ತಿತ್ತು. ಹಾಗಾಗಿ ಕೌಸರ್ ಕಮಲಾಪುರದ ಬಸ್ಸು ಹತ್ತಿದಳು. ಅದು ಅಮ್ಮಿಯ ತವರು. ಅಲ್ಲಿ ಅಮ್ಮಿಯ ಬಾಲ್ಯದ ಗೆಳತಿ ಮಹಾದೇವಮ್ಮ ಇದ್ದಳು. ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು ಕೌದಿ ಕಲಿತವರು.

"ಬಾ ನನ್ನವ್ವ. ನಿನ್ನ ಮಾರಿ ಯಾಕ ಬಾಡ್ಯಾದ ಅಂತ ಕೇಳಂಗಿಲ್ಲ ನಾನು. ಮೊದಲ ಈ ಸೂಜಿ ಪೋಣಸು," ಎಂದಳು ಮಹಾದೇವಮ್ಮ.

ಮೊಮ್ಮಗಳು ಪ್ರಿಯದರ್ಶಿನಿಯ ಮದುವೆಗೆ ಅಲ್ಲಿ ಕೌದಿ ತಯಾರಾಗುತ್ತಿತ್ತು. ಓಣಿಯ ಹೆಂಗಸರೆಲ್ಲ ಕೈಯಲ್ಲಿ ಗಂಟು ಹಿಡಿದು ಬರುತ್ತಿದ್ದರು. ಯಾರದೋ ಇಳಕಲ್ ಸೀರೆಯ ಸೆರಗು, ಯಾರದೋ ಲಂಗ, ದರ್ಜಿಯ ಅಂಗಡಿಯಲ್ಲಿ ಉಳಿದ ಕುಪ್ಪಸದ ಚೂರು. ಕೌಸರ್ ನೆಲದ ಮೇಲೆ ಬಣ್ಣಗಳನ್ನು ಹೊಂದಿಸಿ ಹೊಂದಿಸಿ ಇಟ್ಟಳು. ಸುತ್ತಲೂ ಎಷ್ಟೋ ಕೈಗಳು ಹೊಲಿದವು. ಕೊನೆಯ ಮೂಲೆ ಮುಚ್ಚುವ ಮೊದಲು ಮಹಾದೇವಮ್ಮ ಒಂದು ಚೂರು ರೊಟ್ಟಿ ಮುರಿದು ಒಳಗಿಟ್ಟಳು.

"ಕೌದಿ ಹೊಟ್ಟಿ ಖಾಲಿ ಇರಬಾರದು, ಮಗಳ. ಆಗ ಹೊದ್ದವರ ಹೊಟ್ಟೀನೂ ತುಂಬಿರ್ತದ."

ಸಾಮಾನ್ಯವಾಗಿ ಮದುವೆಯಲ್ಲಿ ಕೌದಿಯನ್ನು ಮಡಚಿ, ಅಂಗಡಿಯ ಹೊಸ ರಗ್ಗುಗಳ ಅಡಿಗೆ ಇಟ್ಟುಬಿಡುತ್ತಾರೆ. ಪ್ರಿಯದರ್ಶಿನಿ ಹಾಗೆ ಮಾಡಲಿಲ್ಲ. "ನಮ್ಮಜ್ಜಿ ಕೌದಿ ಎಲ್ಲರಿಗೂ ಕಾಣಬೇಕು!" ಎಂದು ಹಂದರದ ಮುಂದೆಯೇ ಹರಡಿ ಕಟ್ಟಿಸಿದಳು. ಊಟಕ್ಕೆ ಹೊರಟ ಮಂದಿ ಅಲ್ಲೇ ನಿಂತರು. ಗಂಡಿನ ಕಡೆಯ ಹಿರಿಯರು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಯಾರ್ ಮಾಡ್ಯಾರ್ರಿ ಇದನ್ನ? ಯಾವ ಕಂಪನೀದು?"

"ಕಂಪನಿ ಗಿಂಪನಿ ಇಲ್ಲರಿ," ಎಂದಳು ಮಹಾದೇವಮ್ಮ, ಕೌಸರಳ ಕೈ ಹಿಡಿದು ಮುಂದೆಳೆದು. "ನಾವೇ ಮಾಡೀವಿ. ಈಕಿ ನಮ್ಮ ಮೆಹಬೂಬಿ ಮಗಳು!"

ಕೌಸರಳ ಬೆನ್ನು ನೆಟ್ಟಗಾಯಿತು. ಬಹಳ ದಿನಗಳ ಮೇಲೆ ಅವಳ ಮುಖದಲ್ಲಿ ನಗು ಅರಳಿತು.

ಯಾರೋ ತೆಗೆದ ಆ ಕೌದಿಯ ಫೋಟೋ ಪ್ರಿಯದರ್ಶಿನಿಯ ವಾಟ್ಸಾಪ್ ಸ್ಟೇಟಸ್ ಏರಿತು. ಅಲ್ಲಿಂದ ಒಬ್ಬರಿಂದ ಒಬ್ಬರಿಗೆ ಹಾರುತ್ತಾ ಕಲಬುರಗಿಯ ಎಷ್ಟೋ ಫೋನುಗಳನ್ನು ಸೇರಿತು.

* * *

ಕೆಲವು ದಿನಗಳ ನಂತರ, ಒಂದು ಬೆಳಿಗ್ಗೆ, ಚಾಂದಪಾಶಾನ ಹತ್ತಿರ ಊರು-ಮನೆ ವಿಚಾರಿಸಿಕೊಂಡು ಮಹಾದೇವಮ್ಮನ ಅಂಗಳಕ್ಕೆ ಅಫ್ಶೀನ್ ಬಂದಳು!

ಈ ಸಲ ಮಿಠಾಯಿ ಡಬ್ಬಿ ಇರಲಿಲ್ಲ. ಎರಡೂ ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ. ಮುಚ್ಚಳ ತೆಗೆದಾಗ ಅತ್ತರಿನ ಹಳೇ ವಾಸನೆ ಎದ್ದಿತು. ಒಳಗೆ ಮಾಸಿದ ದುಪಟ್ಟಾಗಳು, ಹಸಿರು ಸೀರೆ, ಕುರ್ತಾಗಳು.

"ನಮ್ಮ ಅಮ್ಮೀದು," ಎಂದಳು. "ಆಕಿ ಹೋದ ಮ್ಯಾಲ ತೆಗದಿಲ್ಲ. ಉಡಾಕ ಆಗಂಗಿಲ್ಲ, ಯಾರಿಗೂ ಕೊಡಾಕ ಮನಸಿಲ್ಲ. ನಿನ್ನ ಕೌದಿ ಫೋಟೋ ನೋಡಿದೆ... ಇವನ್ನೂ ಹಂಗ ಮಾಡಿ ಕೊಡ್ತೀಯೇನು ಕೌಸರ್?"

ಕೌಸರಳ ಒಳಗೆ ಹಳೇ ಗಾಯ ಚುರ್ ಎಂದಿತು. 'ಚಿಂದಿ ಅಂದವರೇ ಬಂದಾರ...' ಒಂದು ಮಾತು ನಾಲಿಗೆಯ ತುದಿಗೆ ಬಂತು. ಆದರೆ ಹಸಿರು ಸೀರೆಯ ಅಂಚನ್ನು ಹಿಡಿದಿದ್ದ ಅಫ್ಶೀನಳ ಬೆರಳು ಕಂಡು ಆ ಮಾತನ್ನು ನುಂಗಿಕೊಂಡಳು.

"ಮಾಡೋಣ. ಆದ್ರ ನೀವೂ ಕೂಡಬೇಕು, ಆಪಾ. ಮೊದಲ ಕತ್ತರಿ ನಿಮ್ಮ ಕೈಲೇ ಆಗಬೇಕು."

ಅಫ್ಶೀನ್ ಕತ್ತರಿ ಹಿಡಿದಳು. ಬಟ್ಟೆ 'ಸರ್' ಎಂದಾಗ ಬಿಕ್ಕಿ ಅತ್ತಳು. ಮಹಾದೇವಮ್ಮ ಬೆನ್ನು ಸವರಿ ನೀರು ಕೊಟ್ಟಳು. ಅತ್ತು ಹಗುರಾದ ಮೇಲೆ ಅಫ್ಶೀನ್ ಅಂಕುಡೊಂಕಾಗಿ ಹೊಲಿಯುತ್ತಾ ಹೇಳಿದಳು:

"ತಾರಿಖೇ ಕಾರ್ ಹೊಡಕೊಂಡು ಬಂದಾನ. ರಸ್ತೆದಾಗ ನಿಂತಾನ. ಒಳಗ ಬಾ ಅಂದ್ರ ಒಲ್ಲೆ ಅಂತಾನ. ಅಂವಗ ಇನ್ನೂ ನಾಚಿಕಿ ಹೋಗಿಲ್ಲ."

"ಹೋಗಂಗಿಲ್ಲ ಬಿಡ್ರಿ," ಎಂದಳು ಕೌಸರ್, ತಲೆ ಎತ್ತದೆ. "ಚಿಂದಿ ಹೊಲಿಯೋರ ಅಂಗಳಕ್ಕ ಅವರು ಯಾಕ ಬಂದಾರು?"

"ಹಂಗಲ್ಲವಾ! ನಿನಗ ಚಿಂದಿ ಆರಿಸೋಳು ಅಂದಿದ್ನಂತಲ್ಲ, ಅದರ ನಾಚಿಕಿ! 'ಇಂಥಾ ಕೆಲಸಕ್ಕ ನಾನು ಕಸ ಅಂದೆ, ಆಪಾ. ನನಗ ನಾಚಿಕಿ ಆಗ್ತದ' ಅಂತ ಆವತ್ತೂ ಅಂದಿದ್ದ, ಈಗೂ ಅಂತಾನ."

ಕೌಸರಳ ಸೂಜಿ ನಿಂತುಹೋಯಿತು.

"ಏನಂದ್ರಿ...? ಮತ್ತ ಕೆಲಸ ಬಿಡಬೇಕು ಅಂತ ಅವರೇ..."

"ಇಲ್ಲವಾ, ಅದು ನನ್ನ ಮಾತು. ಅಂವಗ ಗೊತ್ತೇ ಇಲ್ಲ." ಹೇಳುತ್ತಾ ಹೇಳುತ್ತಾ ಅಫ್ಶೀನಳ ಮುಖ ಬಿಳಿಚಿತು. "ಯಾ ಅಲ್ಲಾ... ನಾನು ಅಂದಿದ್ದು ಕೇಳಿ, ಅಂವಾ ನಿನ್ನ ಕೆಲಸಕ್ಕ ನಾಚತಾನ ಅಂತ ತಿಳ್ಕೊಂಡು ಬ್ಯಾಡ ಅಂದೇನು? ನಾನೂ ಆವತ್ತ ಹಂಗೇ ತಿಳಕೊಂಡಿದ್ದೆ! ಅಂವನ ಮಾತು ಪೂರಾ ಕೇಳೇ ಇರಲಿಲ್ಲ. ಅಂವಗ ನೀನು ಬ್ಯಾಡ ಅಂದಿ ಅಂತಷ್ಟೇ ಹೇಳಿದ್ದೆ. ಅಂವಾ ನೋಡಿದ್ರ, ನೀನು ಆ ಚಿಂದಿ ಮಾತು ಮಾಫ್ ಮಾಡಿಲ್ಲ ಅಂತ ತಿಳದು ಕೊರಗಾಕತ್ತಾನ!"

ಕೌಸರ್ ಎದ್ದಳು. ದುಪಟ್ಟಾಕ್ಕೆ ಅಂಟಿದ ನೂಲಿನ ಎಳೆಗಳನ್ನೂ ಕೊಡವಲಿಲ್ಲ.

"ಹೋಗು ನನ್ನವ್ವ, ಹೋಗು," ಎಂದಳು ಮಹಾದೇವಮ್ಮ ಹಿಂದಿನಿಂದ.

* * *

ರಸ್ತೆಯ ಬದಿ ಬೇವಿನ ಮರದ ನೆರಳಲ್ಲಿ ತಾರಿಖ್ ನಿಂತಿದ್ದ. ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಯ ದೊಡ್ಡದೊಂದು ಚಿಪ್ಪು. ಹೊತ್ತು ಹೋಗದೆ ಕೊಂಡಿದ್ದನೇನೋ, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಮಗುವಿನಂತೆ ಎತ್ತಿಕೊಂಡಿದ್ದ.

ಅವಳನ್ನು ಕಂಡದ್ದೇ ನೆಟ್ಟಗೆ ನಿಂತ. ಎಷ್ಟು ಸೊರಗಿದ್ದಾನೆ...!

"ನಾನು... ಆಪಾನ್ನ ಬಿಟ್ಟು ಹೋಗಾಕ ಬಂದಿದ್ದೆ. ನಿಮಗ ತ್ರಾಸ ಆಗ್ತದಂದ್ರ ಮುಂದ ಹೋಗಿ ನಿಲ್ತೀನಿ."

"ನನ್ನ ಕೆಲಸಕ್ಕ ನಾಚತೀರಿ ಅಂತ ತಿಳಕೊಂಡಿದ್ದೆ," ಎಂದಳು ಕೌಸರ್ ನೇರವಾಗಿ. "ಆಪಾ ಹಂಗ ಅಂದಿದ್ರು. ಅದಕ್ಕೇ ಬ್ಯಾಡ ಅಂದೆ."

ಅವನು ಕಣ್ಣು ಮಿಟುಕಿಸದೆ ನೋಡಿದ. "ನಿಮ್ಮ ಕೆಲಸಕ್ಕಾ? ನಾನಾ?"

"ಒಂದು ಮಾತು ನಾನೇ ಬಂದು ಕೇಳಬೇಕಿತ್ತು. ಕೇಳಲಿಲ್ಲ. ಅದು ನನ್ನ ಸೊಕ್ಕು."

"ಆ ಸೊಕ್ಕು ಇರಲಿ ಕೌಸರ್!" ಅವನು ಒಂದು ಹೆಜ್ಜೆ ಮುಂದೆ ಬಂದ. "ಬೆಂಕಿಕಡ್ಡಿ ಮುಂದ ಗಲ್ಲ ಎತ್ತಿ ನಿಂತಿದ್ರಲ್ಲ, ಆವತ್ತೇ ನನ್ನ ಮನಸ್ಸು ನಿಮ್ಮ ಹಂತೇಲಿ ಬಂದುಬಿಟ್ಟದ. ಕೌದಿ ಮಾಡೋ ಕೌಸರ್ ನನ್ನ ಹೆಂಡತಿ ಅಂತ ಊರಿಗೆಲ್ಲ ಹೇಳ್ಕೊಂಡು ತಿರಗಬೇಕು ಅಂತ ಆಸಿ ನಂದು. ಹೂಂ ಅಂತೀರೇನು?"

ಹುಮನಾಬಾದ್ ಕಡೆಯ ಬಸ್ಸೊಂದು ಹಾರ್ನ್ ಬಾರಿಸುತ್ತಾ ಹೋಯಿತು. ಅವಳ ಕೆನ್ನೆ ಅವನ ಕೈಯಲ್ಲಿದ್ದ ಹಣ್ಣಿನ ಬಣ್ಣಕ್ಕೆ ತಿರುಗಿತ್ತು.

"ಹೂಂ," ಎಂದಳು ಕೊನೆಗೆ. "ಆದ್ರ ನಿಕಾಹದಾಗ ನೀವು ನನಗ ಕೊಡೋ ಮೆಹರ್ ನಾನು ಹೇಳಿದ್ದೇ ಆಗಬೇಕು."

"ಹೇಳ್ರಿ. ಬಂಗಾರ?"

"ಬ್ಯಾಡ. ಒಂದು ಕೋಣಿ ಬೇಕು. ಮುಂಜಾನಿ ಬಿಸಲು ಬೀಳೋದು. ಅದರಾಗ ಮಂಚ ಇರಬಾರದು, ಸೋಫಾ ಇರಬಾರದು. ಕೌದಿ ಪೂರಾ ಹಾಸೋವಷ್ಟು ಖಾಲಿ ನೆಲ ಇರಬೇಕು."

ತಾರಿಖ್ ನಕ್ಕುಬಿಟ್ಟ. ನಗುತ್ತಲೇ ಕಣ್ಣೊರೆಸಿಕೊಂಡ.

"ಕೊಟ್ಟೆ. ಮತ್ತ ನಾನು ಎಲ್ಲಿ ಕೂಡಲಿ?"

"ನನ್ನ ಎದುರಿಗೆ," ಎಂದಳು ಕೌಸರ್, ಬಾಳೆಯ ಚಿಪ್ಪನ್ನು ಅವನ ಕೈಯಿಂದ ತೆಗೆದುಕೊಳ್ಳುತ್ತಾ. "ಆ ಕಡಿ ಅಂಚು ಹಿಡಕೊಂಡು."