ಡಯಾಲಿಸಿಸ್ ವಾರ್ಡಿನ ವೈಫೈ

"ಆ ಪ್ಲಗ್ ಮುಟ್ಟಬೇಡಿ!"

ಹಿಂದಿನಿಂದ ಬಂದ ದನಿಯ ಜೊತೆಗೇ ಒಂದು ಕೈಯೂ ಬಂದು ಅವಳ ಮಣಿಕಟ್ಟನ್ನು ಹಿಡಿದುಕೊಂಡಿತು.

ಚುಕ್ಕಿ ಬೆಚ್ಚಲಿಲ್ಲ. ಮೆಲ್ಲನೆ ತಿರುಗಿ ನೋಡಿದಳು. ನೀಲಿ ಸಮವಸ್ತ್ರ, ಅರ್ಧ ಮುಖ ಮುಚ್ಚಿದ ಮಾಸ್ಕು, ಅದರ ಮೇಲೆ ಕೆಂಡದಂತಹ ಎರಡು ಕಣ್ಣು.

"ಇಲ್ಲಿ ಡಯಾಲಿಸಿಸ್ ನಡೀತಿದೆ. ಮಲಗಿರೋರ ರಕ್ತ ಈಗ ಆ ಯಂತ್ರದೊಳಗೆ ಓಡ್ತಿದೆ. ಗೊತ್ತಾ ನಿಮಗೆ?"

"ಗೊತ್ತು. ಯಂತ್ರದ್ದು ಬಿಳಿ ವೈರು, ಆ ಕಡೆ ಗೋಡೆಗೆ ಹೋಗಿದೆ. ನನ್ನ ಕೈಲಿರೋದು ಕಪ್ಪು ವೈರು, ಲ್ಯಾಪ್‌ಟಾಪಿಂದು. ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ನೋಡದೆ ನಾನು ಯಾವ ವೈರಿಗೂ ಕೈ ಹಾಕಲ್ಲ... ಈಗ ನನ್ನ ಕೈ ಬಿಡ್ತೀರಾ?"

ಅವನು ಕೈ ಬಿಡಲಿಲ್ಲ. ಮೊದಲು ಬಗ್ಗಿ, ಕಪ್ಪು ವೈರಿನ ಮೇಲೆ ಬೆರಳಿಟ್ಟು ಲ್ಯಾಪ್‌ಟಾಪಿನವರೆಗೂ ಸವರಿಕೊಂಡು ಹೋದ. ಆಮೇಲೆ ಬಿಳಿಯದನ್ನು ನೋಡಿದ. ಆಮೇಲೇ ಬಿಟ್ಟ.

"ನೀವು ಹೇಳಿದ್ದು ಸರಿ. ಆದ್ರೂ ಈ ವಾರ್ಡಲ್ಲಿ ಏನೇ ಮುಟ್ಟೋಕೆ ಮುಂಚೆ ನನಗೊಂದು ಮಾತು ಹೇಳಿ."

'ಅಬ್ಬಾ, ಎಂಥ ಗತ್ತು!' ಅಂದುಕೊಂಡಳು ಚುಕ್ಕಿ. ಆದರೆ ತಾನೇ ಪರೀಕ್ಷಿಸಿ ನೋಡಿ, ಆಮೇಲೆ ಮರುಮಾತಿಲ್ಲದೆ ಒಪ್ಪಿಕೊಂಡವರನ್ನು ಅವಳು ನೋಡಿದ್ದು ಬಹಳ ಕಡಿಮೆ. ಅವನು ಹಿಡಿದಿದ್ದ ಜಾಗ ಇನ್ನೂ ಬೆಚ್ಚಗಿತ್ತು...

ಚುಕ್ಕಿಗೆ ಮೂವತ್ತೊಂದು ವರ್ಷ. ಆಸ್ಪತ್ರೆಯ ಎದುರು ಬೀದಿಯಲ್ಲಿ ಅವಳದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಗಲ್ಲದ ಮೇಲಿನ ಮಚ್ಚೆಯಿಂದಾಗಿ ಅಮ್ಮ ಇಟ್ಟ ಮುದ್ದಿನ ಹೆಸರೇ ಬೀದಿಗೆಲ್ಲ ಗೊತ್ತಾಗಿತ್ತು. ಯಾವುದೋ ಕಚೇರಿಯವರು ಬೇಡವೆಂದು ಕೊಟ್ಟ ಎಂಟು ಹಳೆಯ ಲ್ಯಾಪ್‌ಟಾಪುಗಳಿಗೆ ಅವಳೇ ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ, ವಾರ್ಡಿನ ಎಂಟು ಹಾಸಿಗೆಗಳ ಪಕ್ಕ ಇಡಲು ಬಂದಿದ್ದಳು. ನಾಲ್ಕು ಗಂಟೆ ಅಲುಗಾಡದೆ ಮಲಗಬೇಕಾದವರಿಗೆ ಹೊತ್ತು ಹೋಗಲಿ ಎಂದು.

ಲ್ಯಾಪ್‌ಟಾಪುಗಳೇನೋ ಓಡಿದವು. ವೈಫೈ ಮಾತ್ರ ಇಲ್ಲ! ಒಳಗಿದ್ದ ಹಳೆಯ ವೈಫೈ ಕಾರ್ಡುಗಳು ಯಾವತ್ತೋ ಸತ್ತಿದ್ದವು. ಚುಕ್ಕಿ ಒಂದೊಂದಕ್ಕೂ ಉಗುರಿನಷ್ಟು ಚಿಕ್ಕ ಅಡಾಪ್ಟರ್ ಚುಚ್ಚಿದಳು. ಆದರೂ ಪರದೆಯಲ್ಲಿ ಒಂದು ನೆಟ್‌ವರ್ಕಿನ ಹೆಸರೂ ಮೂಡಲಿಲ್ಲ.

"ಏನಾಗಿದೆ ಮಗಳೇ?" ಎಂದರು ಮೊದಲ ಹಾಸಿಗೆಯ ಗಣಿತದ ಮೇಡಂ. ನಿವೃತ್ತರಾದರೂ ಪಾಠ ಬಿಟ್ಟವರಲ್ಲ. ಮಲಗಿದಲ್ಲಿಂದಲೇ ಮಕ್ಕಳಿಗೆ ಲೆಕ್ಕ ಹೇಳಿಕೊಡಬೇಕೆಂಬುದು ಅವರ ಆಸೆ.

"ಅಡಾಪ್ಟರ್ ಬಂದು ಕೂತಿದೆ ಅಂತ ಕಂಪ್ಯೂಟರಿಗೆ ಗೊತ್ತು ಮೇಡಂ. ಆದ್ರೆ ಅದರ ಹತ್ರ ಮಾತಾಡೋದು ಹೇಗೆ ಅಂತ ಗೊತ್ತಿಲ್ಲ. ಮಧ್ಯೆ ಒಂದು ಡ್ರೈವರ್ ಬೇಕು."

"ಡ್ರೈವರ್ ಬೇಕಾ? ನಾನಿದ್ದೀನಲ್ಲಮ್ಮ! ಮೂವತ್ತು ವರ್ಷ ಬಸ್ಸು ಓಡಿಸಿದ್ದೀನಿ!" ಐದನೇ ಹಾಸಿಗೆಯಿಂದ ದನಿ ಬಂತು. ಇಡೀ ವಾರ್ಡು ನಕ್ಕಿತು.

ಡ್ರೈವರ್ ತರಲು ನೆಟ್ ಬೇಕು, ನೆಟ್ ಬರಲು ಡ್ರೈವರ್ ಬೇಕು. ಚುಕ್ಕಿ ತನ್ನ ಫೋನನ್ನೇ ಕೇಬಲ್ಲಿನಲ್ಲಿ ಜೋಡಿಸಿ, ಅದರ ನೆಟ್ಟಿನಿಂದ ಡ್ರೈವರ್ ಇಳಿಸಿಕೊಂಡಳು. ಕಪ್ಪು ಪರದೆಯಲ್ಲಿ ಸಾಲುಸಾಲಾಗಿ ಆಜ್ಞೆ ಟೈಪಿಸಿ, ಆ ಲಿನಕ್ಸಿಗೆ ಹೊಂದುವಂತೆ ಕೈಯಾರೆ ಅದನ್ನು ಕಟ್ಟಿ ಕೂರಿಸಿದಳು. ಅಡಾಪ್ಟರಿನ ಹಸಿರು ದೀಪ ಮಿನುಗಿತು.

ನೀಲಿ ಸಮವಸ್ತ್ರದವನು ಅಷ್ಟೂ ಹೊತ್ತು ದೂರದಿಂದ ನೋಡುತ್ತಿದ್ದ. ಹೋಗುವಾಗ ಹತ್ತಿರ ಬಂದ.

"ಬೆಳಿಗ್ಗೆ ಕೈ ಹಿಡಿದಿದ್ದಕ್ಕೆ... ನೋವಾಯ್ತಾ?"

"ಇಲ್ಲ. ನಿಮ್ಮ ಕೆಲಸ ನೀವು ಮಾಡಿದ್ರಿ."

"ನಿಮ್ಮ ಕೆಲಸ ನೀವು ಚೆನ್ನಾಗಿ ಮಾಡಿದ್ರಿ," ಎಂದ ಅವನು. ಕಣ್ಣಿನ ಕೆಂಡ ಈಗ ಆರಿತ್ತು.

ಮೂರು ತಿಂಗಳು ಕಳೆಯಿತು. ಹೆಚ್ಚುಕಡಿಮೆ ವಾರಕ್ಕೊಮ್ಮೆ ಚುಕ್ಕಿಗೆ ವಾರ್ಡಿನ ಆ ನೀಲಿ ಸಮವಸ್ತ್ರದ ನರ್ಸಿನಿಂದ ಕರೆ ಬರುತ್ತಿತ್ತು.

ಬೇರೆಯವರೆಲ್ಲ "ಕೆಟ್ಟೋಗಿದೆ, ಬನ್ನಿ" ಎನ್ನುತ್ತಾರೆ, ಅಷ್ಟೇ. ಅವನು ಹಾಗಲ್ಲ! "ಮೂರನೇ ಹಾಸಿಗೇದು. ಹತ್ತು ನಿಮಿಷಕ್ಕೊಮ್ಮೆ ಕಟ್ ಆಗುತ್ತೆ. ಸಿನಿಮಾ ನೋಡ್ತಿದ್ರೆ ಆಗಲ್ಲ, ಸುಮ್ನೆ ಇಟ್ಟಿದ್ದಾಗ ಮಾತ್ರ."

ಸುಮ್ಮನಿದ್ದಾಗ ಮಾತ್ರ! ಆ ಒಂದು ಮಾತಿನಿಂದಲೇ ಚುಕ್ಕಿಗೆ ಹೊಳೆಯಿತು. ಬ್ಯಾಟರಿ ಉಳಿಸಲೆಂದು ಅಡಾಪ್ಟರನ್ನು ಮಲಗಿಸುವ ವ್ಯವಸ್ಥೆ ಅದು. ಅದನ್ನು ನಿಲ್ಲಿಸಿದಳು, ಕಡಿತವೂ ನಿಂತಿತು.

'ಕಾಯಿಲೆಯನ್ನ ಇಷ್ಟು ಸರಿಯಾಗಿ ನೋಡೋನು ಮನುಷ್ಯರನ್ನ ಇನ್ನೆಷ್ಟು ಸರಿಯಾಗಿ ನೋಡ್ತಾನೋ...' ಎಂದುಕೊಂಡು, ತಾನೇ ನಾಚಿಕೊಂಡಳು.

"ಆಸ್ಪತ್ರೆಗೆ ಹೋಗೋಕೆ ಇಷ್ಟು ಹೊತ್ತು ಕನ್ನಡಿ ಮುಂದೆ ನಿಂತೋರನ್ನ ನಾನು ಕಂಡಿಲ್ಲಪ್ಪ," ಎಂದರು ಅಮ್ಮ.

ಒಂದೇ ಒಂದು ತೊಂದರೆ. ವಾರ್ಡಿನಲ್ಲಿ ಗಂಡು ನರ್ಸನ್ನು ಎಲ್ಲರೂ ಕರೆಯುವುದು 'ಬ್ರದರ್' ಎಂದು. ಚುಕ್ಕಿಯ ಬಾಯಿಗೆ ಆ ಮಾತು ಬರಲೇ ಇಲ್ಲ!

"ರೀ... ಇಲ್ನೋಡಿ... ರೀ!" ಎಂದು ಕರೆದಳು ಒಂದು ದಿನ.

ಗಣಿತದ ಮೇಡಂ ಕನ್ನಡಕ ಕೆಳಗಿಳಿಸಿ ನೋಡಿದರು. "ಬ್ರದರ್ ಅನ್ನೋಕೆ ಆಗಲ್ಲ, ರೀ ಅನ್ನೋಕೆ ಆಗುತ್ತೆ. ಲೆಕ್ಕ ತಾನಾಗೇ ಬಿಡಿಸ್ಕೊಳ್ತಿದೆಯಲ್ಲೇ!"

ಚುಕ್ಕಿಯ ಕಿವಿ ಕೆಂಪಾಯಿತು. ಅತ್ತ ಅವನು ತಿರುಗಿ ನಿಂತು ರಕ್ತದೊತ್ತಡದ ಪಟ್ಟಿ ಸುತ್ತತೊಡಗಿದ. ಸುತ್ತಿದ್ದನ್ನೇ ಮತ್ತೆ ಸುತ್ತಿದ...

ಆ ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಫೋನು ಬಂತು. ಈ ಸಲ ಅವನ ದನಿಯಲ್ಲಿ ಆತುರವಿತ್ತು.

"ಎಂಟೂ ಹೋಗಿವೆ. ಒಂದರಲ್ಲೂ ವೈಫೈ ಇಲ್ಲ. ಹನ್ನೊಂದಕ್ಕೆ ಮೇಡಂ ಪಾಠ ಇದೆ, ಪರೀಕ್ಷೆಗೆ ಮುಂಚಿನ ಕೊನೇ ಪಾಠ!"

ಚುಕ್ಕಿ ಓಡಿ ಬಂದಳು. ಅಡಾಪ್ಟರುಗಳ ದೀಪಗಳೆಲ್ಲ ಆರಿದ್ದವು. ಒಂದೇ ಬಾರಿ ಎಂಟೂ ಕೈಕೊಟ್ಟರೆ ಅದು ಅಡಾಪ್ಟರಿನ ದೋಷವಲ್ಲ. ಕಪ್ಪು ಪರದೆ ತೆರೆದು ನೋಡಿದಳು. ಲಿನಕ್ಸಿನ ತಿರುಳು, ಅಂದರೆ ಕರ್ನಲ್, ಹಿಂದಿನ ದಿನ ಬದಲಾಗಿತ್ತು. ಹೊಸ ಕರ್ನಲ್ಲಿಗೆ ಅವಳು ಕಟ್ಟಿದ್ದ ಹಳೆಯ ಡ್ರೈವರ್ ಹೊಂದುತ್ತಿಲ್ಲ.

ಯಾರೋ ಅಪ್‌ಡೇಟ್ ಮಾಡಿದ್ದಾರೆ! ಅದಕ್ಕೆ ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಗೊತ್ತಿದ್ದದ್ದು ಅವಳಿಗೆ ಮತ್ತು ಅವನಿಗೆ, ಇಬ್ಬರಿಗೇ.

"ಅಪ್‌ಡೇಟ್ ಒತ್ತಬೇಡಿ ಅಂತ ಹೇಳಿದ್ದೆ ತಾನೇ?" ಅವಳ ದನಿ ಏರಿತು. "ಯಾಕೆ ಒತ್ತಿದ್ರಿ?"

"ನಾನು ಒತ್ತಿಲ್ಲ."

"ಮತ್ತೆ ಭೂತ ಬಂದು ಒತ್ತಿತಾ? ನಿನ್ನೆ ತಾರೀಕು ಇಲ್ಲೇ ಇದೆ ನೋಡಿ! ಕಂಪ್ಯೂಟರ್ ಸುಳ್ಳು ಹೇಳಲ್ಲ!"

ಬಾಗಿಲಲ್ಲಿ ದೊಡ್ಡ ಡಾಕ್ಟರಮ್ಮ ನಿಂತಿದ್ದನ್ನು ಚುಕ್ಕಿ ನೋಡಲಿಲ್ಲ.

ಅವನು ಒಂದು ಕ್ಷಣ ಅವಳನ್ನೇ ನೋಡಿದ. "ಸರಿ," ಎಂದಷ್ಟೇ ಹೇಳಿ, ಅಲಾರಾಂ ಕೂಗುತ್ತಿದ್ದ ಏಳನೇ ಹಾಸಿಗೆಯ ಕಡೆ ನಡೆದ.

ಅಳಲು ಈಗ ಪುರುಸೊತ್ತಿರಲಿಲ್ಲ. ಲಿನಕ್ಸ್ ತನ್ನ ಹಳೆಯ ಕರ್ನಲ್ಲನ್ನು ಎಸೆಯುವುದಿಲ್ಲ, ಮೂಲೆಯಲ್ಲಿ ಇಟ್ಟುಕೊಂಡಿರುತ್ತದೆ. ಚುಕ್ಕಿ ಮೇಡಂ ಲ್ಯಾಪ್‌ಟಾಪನ್ನು ಆರಿಸಿ ಹಚ್ಚಿ, ಶುರುವಾಗುವ ಹೊತ್ತಿನ ಪಟ್ಟಿಯಲ್ಲಿ ಹಳೆಯದನ್ನು ಆಯ್ದುಕೊಂಡಳು. ಹಸಿರು ದೀಪ! ಹನ್ನೊಂದಕ್ಕೆ ನಾಲ್ಕು ನಿಮಿಷ ಇರುವಾಗ ಪರದೆಯ ತುಂಬ ಮಕ್ಕಳ ಮುಖಗಳು. ಮೇಡಂ ಸೂಜಿ ಚುಚ್ಚದ ಕೈಯಲ್ಲಿ ಪೆನ್ನು ಹಿಡಿದು, "ಎಲ್ಲಿ, ಎಲ್ಲರೂ ಪುಸ್ತಕ ತೆಗೀರಿ!" ಎಂದು ಗದರಿದರು.

ಮಧ್ಯಾಹ್ನ ಎಂಟೂ ಸರಿಯಾದ ಮೇಲೆ ಅಪ್‌ಡೇಟಿನ ದಾಖಲೆಯನ್ನು ಪೂರ್ತಿ ತೆರೆದಳು. ಯಾರು ಮಾಡಿದರು ಎಂಬುದು ಅಲ್ಲಿ ಬರೆದಿರುತ್ತದೆ.

ಓದಿದಳು. ಮತ್ತೊಮ್ಮೆ ಓದಿದಳು.



ಯಾರೂ ಒತ್ತಿರಲಿಲ್ಲ! ಲಿನಕ್ಸ್ ತಾನಾಗಿಯೇ ಮಾಡಿಕೊಂಡಿತ್ತು. ಹಾಗೆ ಮಾಡಿಕೋ ಎಂದು ಮೊದಲ ದಿನವೇ ಹೇಳಿಟ್ಟವಳು ಅವಳೇ. ಕರ್ನಲ್ ಬದಲಾದಾಗಲೆಲ್ಲ ಡ್ರೈವರ್ ತಾನಾಗಿ ಮರುಕಟ್ಟುವಂತೆ ಮಾಡಬೇಕಿತ್ತು. ಅದನ್ನು ಮರೆತವಳೂ ಅವಳೇ.

ಕಂಪ್ಯೂಟರ್ ಸುಳ್ಳು ಹೇಳಿರಲಿಲ್ಲ. ಚುಕ್ಕಿ ಅರ್ಧ ಮಾತ್ರ ಓದಿದ್ದಳು.

ಅಷ್ಟರಲ್ಲಿ ಅವನ ಪಾಳಿ ಮುಗಿದಿತ್ತು. ಮೂರು ಸಲ ಫೋನ್ ಮಾಡಿದಳು. ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ದಾಖಲೆಯ ಪ್ರತಿ ಹಿಡಿದು ನೇರ ಡಾಕ್ಟರಮ್ಮನ ಕೋಣೆಗೆ ಹೋದಳು.

"ನಿನ್ನೆಯ ತಪ್ಪು ನನ್ನದು ಮೇಡಂ. ನರ್ಸ್ ಏನೂ ಮಾಡಿಲ್ಲ."

ಡಾಕ್ಟರಮ್ಮ ಹುಬ್ಬೇರಿಸಿದರು. "ಹೌದಾ? ಆದ್ರೆ ಅವರು 'ತಪ್ಪು ನನ್ನದೇ' ಅಂತ ಬರೆದುಕೊಟ್ಟಿದ್ದಾರಲ್ಲ! ನಿಮ್ಮ ಜಗಳ ನೋಡಿ ನಾನು ವಾರ್ಡಿಂದ ಲ್ಯಾಪ್‌ಟಾಪನ್ನೆಲ್ಲ ತೆಗೆಸಿಬಿಡ್ತೀನಿ ಅಂದಿದ್ದೆ. ಅವುಗಳನ್ನ ಇಟ್ಟುಕೊಳ್ಳಿ, ನನ್ನನ್ನ ಬೇಕಾದ್ರೆ ಬೇರೆ ವಾರ್ಡಿಗೆ ಹಾಕಿ ಅಂದ್ರು. ಹಾಕಿದ್ದೀನಿ."

ಮಾಡದ ತಪ್ಪನ್ನು ಹೊತ್ತುಕೊಂಡನೇ... ಆ ಎಂಟು ಜನರಿಗಾಗಿ?

"ಅವರನ್ನ ವಾಪಸ್ ಹಾಕಿ ಮೇಡಂ. ಇನ್ನೊಂದು ದಿನ ಕೊಡಿ ನನಗೆ. ಎಂಥ ಅಪ್‌ಡೇಟ್ ಬಂದ್ರೂ ಇನ್ನು ಈ ವೈಫೈ ಬೀಳಲ್ಲ. ಬಿದ್ರೆ ನಾನೇ ಲ್ಯಾಪ್‌ಟಾಪ್ ಹೊತ್ಕೊಂಡು ಹೋಗ್ತೀನಿ."

ಇಡೀ ದಿನ ಕೂತಳು. ಎಂಟರಲ್ಲೂ ಡ್ರೈವರನ್ನು ಹೊಸದಾಗಿ ಕೂರಿಸಿದಳು, ಕರ್ನಲ್ ಬದಲಾದರೆ ತಾನೂ ಜೊತೆಗೇ ಮರುಕಟ್ಟಿಕೊಳ್ಳುವಂತೆ. ಬೇಕೆಂದೇ ಅಪ್‌ಡೇಟ್ ಮಾಡಿ, ಆರಿಸಿ, ಹಚ್ಚಿ ನೋಡಿದಳು. ಎಂಟಕ್ಕೆ ಎಂಟೂ ಹಸಿರು.

ಶನಿವಾರದಂದು ಗುರುವಾರದ ರೋಗಿಗಳೇ ಮತ್ತೆ ಬಂದರು. ಡಾಕ್ಟರಮ್ಮ ವಾಪಸ್ ಹಾಕಿದ್ದರಿಂದ ಅವನೂ ಬಂದ, ಅವಳ ಕಡೆ ನೋಡದೆ ಕೈ ತೊಳೆದುಕೊಳ್ಳತೊಡಗಿದ.

ಚುಕ್ಕಿ ವಾರ್ಡಿನ ನಡುವೆ ಹೋಗಿ ನಿಂತಳು.

"ಎಲ್ಲರೂ ಸ್ವಲ್ಪ ಕೇಳಿ. ಮೊನ್ನೆ ನಿಮ್ಮೆಲ್ಲರ ಮುಂದೆ ನಾನು ಇವರ ಮೇಲೆ ತಪ್ಪು ಹೊರಿಸಿದೆ. ಇವರು ಏನೂ ಮಾಡಿರಲಿಲ್ಲ. ಮರೆತದ್ದು ನಾನು, ಪೂರ್ತಿ ಓದದೆ ಮಾತಾಡಿದ್ದೂ ನಾನು. ಎಲ್ಲರ ಮುಂದೆ ಬೈದಿದ್ದೆ, ಎಲ್ಲರ ಮುಂದೆಯೇ ಕ್ಷಮೆ ಕೇಳ್ತಿದ್ದೀನಿ."

ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು. ಅವನು ಅದನ್ನು ನಿಲ್ಲಿಸುವುದನ್ನೇ ಮರೆತಿದ್ದ.

"ಮೊದಲು ಆ ನಲ್ಲಿ ನಿಲ್ಸಪ್ಪ," ಎಂದರು ಬಸ್ಸಿನ ಡ್ರೈವರ್.

ಎರಡು ಗಂಟೆಗೆ ಪಾಳಿ ಮುಗಿದಾಗ ಚುಕ್ಕಿ ಕಾರಿಡಾರಿನ ಕಿಟಕಿಯ ಬಳಿ ಕಾಯುತ್ತಿದ್ದಳು. ಅವನು ಮಾಸ್ಕು ತೆಗೆದು ಎದುರು ನಿಂತ.

"ಯಾಕೆ ಹಾಗೆ ಬರೆದುಕೊಟ್ರಿ?" ಕೇಳಿದಳು.

"ಲ್ಯಾಪ್‌ಟಾಪ್ ಹೋದ್ರೆ ಮೇಡಂ ಪಾಠ ನಿಲ್ಲುತ್ತೆ. ಪಾಠ ನಿಂತ್ರೆ ಅವರು ಡಯಾಲಿಸಿಸ್‌ಗೆ ಬರೋದನ್ನೂ ತಪ್ಪಿಸ್ತಾರೆ. ಮುಂಚೆ ಹಾಗೆ ಮಾಡ್ತಿದ್ರು." ಮಾಸ್ಕನ್ನು ಮಡಚಿ ಜೇಬಿಗಿಟ್ಟ. "ಆದ್ರೆ ನೀವು ಅಂದಿದ್ದಕ್ಕೆ ನೋವಾಯ್ತು. ಒಂದು ಅಡಾಪ್ಟರನ್ನ ಹತ್ತು ಸಲ ಪರೀಕ್ಷೆ ಮಾಡೋರು, ನನ್ನನ್ನ ಒಂದೇ ಏಟಿಗೆ ತೀರ್ಮಾನ ಮಾಡಿಬಿಟ್ರಲ್ಲ..."

ಚುಕ್ಕಿಯ ಕಣ್ಣು ತುಂಬಿತು. ಆದರೆ ತಲೆ ತಗ್ಗಿಸಲಿಲ್ಲ.

"ಬೇರೆ ಯಾರಾದ್ರೂ ಆಗಿದ್ರೆ ತಣ್ಣಗೆ ಕೂತು ಪೂರ್ತಿ ಓದ್ತಿದ್ದೆ. ನೀವೇ ಒತ್ತಿರಬೇಕು ಅನ್ನಿಸಿದ ತಕ್ಷಣ ಹೆದರಿಬಿಟ್ಟೆ. ನನ್ನ ಕೆಲಸವನ್ನ ನನ್ನಷ್ಟೇ ಜೋಪಾನ ಮಾಡೋರು ಒಬ್ಬರು ಸಿಕ್ಕಿದ್ರು ಅಂದ್ಕೊಂಡಿದ್ದೆ. ಅದೂ ಸುಳ್ಳಾಯ್ತಲ್ಲ ಅಂತ... ನನಗೆ ನೀವು ಇಷ್ಟ. ಸುತ್ತಿ ಬಳಸಿ ಹೇಳೋಕೆ ನನಗೆ ಬರಲ್ಲ. ಇಷ್ಟ ಅಷ್ಟೇ!"



ಅವನ ಮುಖದಲ್ಲಿ ನಗು ಹರಡಿತು. "ಈ ವಾರ ಯಾವುದೂ ಕೆಡಲೇ ಇಲ್ಲವಲ್ಲ ಅಂತ ನಾನು ಬೇಜಾರು ಮಾಡ್ಕೊಂಡ ವಾರಗಳಿವೆ. ನರ್ಸ್ ಹಾಗೆಲ್ಲ ಅಂದ್ಕೋಬಾರದು, ಗೊತ್ತು. ಆದ್ರೂ ಅಂದ್ಕೊಂಡೆ."

"ಹಾಗಂದ್ರೆ...?"

"ಹಾಗಂದ್ರೆ ನನಗೂ ಇಷ್ಟ. ತುಂಬಾ ದಿನದಿಂದ."

ಚುಕ್ಕಿ ಕಣ್ಣೊರೆಸಿಕೊಂಡು ನಕ್ಕಳು. ಕಿಟಕಿಯಾಚೆ ಬೀದಿಯಲ್ಲಿ ಬಿಸಿಲು ಬಿದ್ದಿತ್ತು.

"ನಾಳೆ ನಿಮಗೆ ರಜೆ ತಾನೇ?"

"ಹೌದು."

"ಅಂಗಡಿಗೂ ರಜೆ. ಸುಮ್ನೆ ನಡ್ಕೊಂಡು ಹೋಗೋಣ, ಇಬ್ಬರೇ."

"ಎಲ್ಲೀವರೆಗೆ?"

"ನಿಮಗೆ ಕಾಲು ನೋಯೋವರೆಗೆ."

"ನಾನು ನರ್ಸು. ಬೆಳಗಿಂದ ಪಾಳಿ ಮುಗಿಯೋವರೆಗೂ ಹಾಸಿಗೆಯಿಂದ ಹಾಸಿಗೆಗೆ ನಡೀತಾನೇ ಇರ್ತೀನಿ. ನನ್ನ ಕಾಲು ಅಷ್ಟು ಬೇಗ ನೋಯಲ್ಲ!"

ಚುಕ್ಕಿ ಅವನ ಬೆರಳುಗಳೊಳಗೆ ತನ್ನ ಬೆರಳುಗಳನ್ನು ಸೇರಿಸಿದಳು.

"ಹಾಗಾದ್ರೆ ತುಂಬಾ ದೂರ ಹೋಗೋಣ."